ತೊಸ್ತಾಂ ಮನೆಯ ಲೀಟರು

ಮದುವೆಯ ಊಟದಲ್ಲಿ ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದಂತೆ. ಹೀಗೆ ಬುದ್ಧಿ ಹೇಳುವವರು ಯಾರು ನೋಡಿ: ಆಡಿದವರು. ಕೇಳಿಸಿಕೊಂಡವನೊಬ್ಬ ಹಾಗೆ ಹೇಳಿದ್ದನ್ನು ಗ್ರಾಂವಾಲ್ ಊರಿನಲ್ಲಿ ಇದುವರೆಗೆ ಯಾರೂ ಕಂಡಿಲ್ಲ. ಲೆಯೊನೀದ್ ತೊಸ್ತಾಂ ತನ್ನ ಮಗಳ ಮದುವೆಯಲ್ಲಿ ಕೇಳಿಸಿಕೊಂಡ ಮಾತನ್ನು ಇವತ್ತಿಗೂ ಮರೆತಿಲ್ಲ. ಆಮೇಲೆ ಏನೇನೋ ನಡೆಯಿತು, ಊರು ನಕ್ಕಿತು, ಅವನೂ ನಕ್ಕ. ಆದರೂ ಆ ಮಾತು ನೆನಪಾದರೆ ಅವನ ಕಿವಿಯ ತುದಿ ಕೆಂಪಾಗುತ್ತದೆ. ಆಗಲೇಬೇಕು. ಕೆಂಪಾಗದ ಕಿವಿ ಇದ್ದೇನು ಫಲ.

ಆಡಿದವನು ಹೊರಗಿನವನಲ್ಲ. ಫುಲ್ಬೆರ್ ಲೆಕಾನ್ಯು, ದನದ ವ್ಯಾಪಾರಿ, ಲೆಯೊನೀದನ ಪಕ್ಕದ ಹೊಲದವನು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಮಾಸ್ತರರಿಂದ ಕಿವಿ ಹಿಂಡಿಸಿಕೊಂಡವರು. ಮದುವೆಯ ದಿನ ಮೂರನೆಯ ಮಾಂಸದ ತಟ್ಟೆ ಖಾಲಿಯಾಗಿ, ಮುಂದಿನದಕ್ಕೆ ಹೊಟ್ಟೆಯಲ್ಲಿ ಜಾಗ ಮಾಡಿಕೊಳ್ಳಲೆಂದು ಸೇಬಿನ ಸಾರಾಯಿಯ ಸುತ್ತು ನಡೆದಿತ್ತು. ಫುಲ್ಬೆರ್ ಎದ್ದು ನಿಂತ. ಮದುಮಗಳನ್ನು ಹೊಗಳಿದ, ಅವಳ ತಾಯಿ ಬ್ಲಾಂದಿನಳ ಅಕ್ಕಿ ಪಾಯಸವನ್ನು ಹೊಗಳಿದ. ಅಲ್ಲಿಗೇ ಕೂತಿದ್ದರೆ ಅವನ ಅಪ್ಪನ ಗಂಟೇನು ಹೋಗುತ್ತಿತ್ತು? ಕೂರಲಿಲ್ಲ. ಬಾಯೂ ಪಟ್ಟಣದ ಕಡೆಯಿಂದ ಬಂದಿದ್ದ ಗಂಡಿನವರತ್ತ ತಿರುಗಿದ.

"ಹುಡುಗಿ ಬಂಗಾರ ಬೀಗರೇ, ಕಣ್ಮುಚ್ಚಿ ಕರ್ಕೊಂಡ್ ಹೋಗಿ. ಆದ್ರೆ ಈ ಮನೆಯವರು ಏನಾದ್ರೂ ಅಳೆದುಕೊಟ್ರೆ ಮಾತ್ರ ಒಂದ್ಸಲ ಒಳಗೆ ಇಣುಕಿ ನೋಡಿ. ಇವರ ಪಡಖಾನೇಲಿ ಒಂದು ಲೀಟರು ಸೇಬಿನ ಹೆಂಡ ಕೇಳಿದ್ರೆ, ಅದರಲ್ಲಿ ಇವರಜ್ಜನ ಹೆಬ್ಬೆರಳೂ ಸೇರಿರ್ತಿತ್ತು."

ಡೇರೆಯೇ ಹಾರಿಹೋಗುವಂತೆ ಜನ ನಕ್ಕರು. ಹುಡುಗನ ತಂದೆ ಕೂಡ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. ಲೆಯೊನೀದ್ ಏಳಲು ಹೋದವನನ್ನು ಬ್ಲಾಂದಿನ್ ಮೇಜಿನ ಕೆಳಗೆ ತೊಡೆ ಹಿಡಿದು ಕೂರಿಸಿದಳು. ಅವಳ ಹಿಡಿತ ಎಂಥದೆಂದರೆ ಮರುದಿನವೂ ಅಲ್ಲಿ ನೀಲಿಗಟ್ಟಿತ್ತು.

ತೊಸ್ತಾಂ ಮನೆತನದ ಪಡಖಾನೆ ಸೇತುವೆಯ ತಲೆಯಲ್ಲಿತ್ತು. ಲೆಯೊನೀದ್ ಹುಟ್ಟಿದ್ದು ಅದರ ಮಹಡಿಯ ಮೇಲೆ, ಸೋಮವಾರದ ದನದ ಸಂತೆಯ ದಿನ, ಕೆಳಗೆ ಗಿರಾಕಿಗಳು ಮೇಜು ಗುದ್ದುತ್ತಿದ್ದ ಹೊತ್ತಿನಲ್ಲಿ. ಅವನ ಕೋಪಕ್ಕೆ ಅದೇ ಕಾರಣವೆಂದು ಅಜ್ಜಿ ಎಫ್ರಾಸಿ ಹೇಳುತ್ತಿದ್ದಳು. ಮಗು ಕಣ್ಣು ಬಿಡುವ ಮೊದಲೇ ಗಲಾಟೆ ಕೇಳಿತಂತೆ, ತಾನೂ ಒಂದು ಸೇರಿಸಿತಂತೆ. ಓದು ತಲೆಗೆ ಹತ್ತಲಿಲ್ಲ. ಹತ್ತದಿದ್ದುದಕ್ಕೆ ಅವನು ಅತ್ತವನೂ ಅಲ್ಲ. ಪೀಪಾಯಿ ಉರುಳಿಸುವುದು, ನೆಲಮಾಳಿಗೆಯಲ್ಲಿ ಮೂಗಿನಿಂದಲೇ ಹುಳಿ ಹಿಡಿದ ಹೆಂಡ ಗುರುತಿಸುವುದು, ಜಗಳವಾಡುವ ಇಬ್ಬರ ನಡುವೆ ಮೂರನೆಯವನಾಗಿ ನುಗ್ಗಿ ಇಬ್ಬರನ್ನೂ ಹೊರಗೆ ಹಾಕುವುದು, ಇವೆಲ್ಲ ಚೆನ್ನಾಗಿ ಬಂದವು. ಒಮ್ಮೆ ಒಬ್ಬ ಗಿರಾಕಿ ಹೆಂಡ ಹುಳಿಯಾಗಿದೆ ಎಂದದ್ದಕ್ಕೆ ಲೆಯೊನೀದ್ ಅಂಗಡಿಯ ಬಾಗಿಲನ್ನೇ ಹಾಕಿಬಿಟ್ಟಿದ್ದ. ಹುಳಿಯಾಗಿದ್ದುದು ನಿಜ. ಆದರೆ ಅದನ್ನು ಹೇಳುವ ಹಕ್ಕು ತನ್ನದು ಎಂಬುದು ಅವನ ವಾದ.

ಪಡಖಾನೆಯ ಕಟ್ಟೆಯ ಹಿಂದೆ ಹಲಗೆಯ ಮೇಲೆ ಏಳು ತವರದ ಅಳತೆಪಾತ್ರೆಗಳು ಎತ್ತರದ ಪ್ರಕಾರ ನಿಲ್ಲುತ್ತಿದ್ದವು. ಎಡಗಡೆ ಎರಡು ಲೀಟರಿನ ದಢೂತಿ, ಬಲಗಡೆಯ ಕೊನೆಗೆ ಬೆರಳಷ್ಟು ಪುಟ್ಟದು. ಮುಖ್ಯವಾದದ್ದು ಲೀಟರು. ಸಂತೆಯ ಜನಕ್ಕೆ ಬೇರೆ ಅಳತೆ ಗೊತ್ತೇ ಇರಲಿಲ್ಲ. ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಸಾಹೇಬ ಬಂದು, ಅಳೆದು ನೋಡಿ, ಪಾತ್ರೆಯ ಅಂಚಿನಲ್ಲಿ ಆ ವರ್ಷದ ಅಕ್ಷರವನ್ನು ಉಳಿಯಿಂದ ಹೊಡೆದು ಹೋಗುತ್ತಿದ್ದ. ಅಕ್ಷರ ಬಿದ್ದರೆ ಮರ್ಯಾದೆ. ಬೀಳದಿದ್ದರೆ ಪಾತ್ರೆ ಜಜ್ಜಿ ಹಾಕಿ, ಹೆಸರು ಬರೆದುಕೊಂಡು ಹೋಗುತ್ತಿದ್ದ. ಎಫ್ರಾಸಿ ಅಜ್ಜಿಗೆ ಪಾದ್ರಿಯ ಭಯವಿರಲಿಲ್ಲ, ಸಿಡಿಲಿನ ಭಯವಿರಲಿಲ್ಲ, ಗಂಡನ ಭಯವಂತೂ ಮೊದಲೇ ಇರಲಿಲ್ಲ. ಮುದ್ರೆ ಸಾಹೇಬನ ಗಾಡಿಯ ಸದ್ದೊಂದಕ್ಕೆ ಮಾತ್ರ ಅವಳು ಹೆದರುತ್ತಿದ್ದಳು.

ಮುಂದೆ ಪಡಖಾನೆ ಲೆಯೊನೀದನ ಕೈಗೆ ಬಂತು. ಗಾಜಿನ ಬಾಟಲಿ, ಗಾಜಿನ ಲೋಟದ ಕಾಲವೂ ಬಂತು. ತವರದ ಪಾತ್ರೆಗಳು ಹಲಗೆಯ ಮೇಲೆ ಅಲಂಕಾರಕ್ಕೆ ನಿಂತವು. ಅಲಂಕಾರವೆಂದರೆ ಬ್ಲಾಂದಿನಳಿಗೆ ಕೆಲಸ. ಶನಿವಾರ ಬಂತೆಂದರೆ ಹಳ್ಳದ ಬದಿಯಿಂದ ಕುದುರೆಬಾಲದ ಹುಲ್ಲು ಕಿತ್ತು ತಂದು, ಆ ಒರಟು ಹುಲ್ಲಿನಿಂದ ಒಂದೊಂದನ್ನೂ ಒಳಗೆ ಹೊರಗೆ ಉಜ್ಜುತ್ತಿದ್ದಳು. ಲೆಯೊನೀದನ ಮಂಡಿ ಸೋತು ಅಂಗಡಿ ಮುಚ್ಚುವ ಮಾತು ಬಂದಾಗ ಅವಳು ಅಳಲಿಲ್ಲ. ಇನ್ನು ಆ ಏಳು ಮಕ್ಕಳಿಗೆ ಎಣ್ಣೆನೀರು ಹಾಕುವುದು ತಪ್ಪಿತು ಎಂದಳು.

ಪಾತ್ರೆಗಳನ್ನು ಉಳಿಸಿದವರು ಮದಾಂ ಕೆನೆಲ್. ಊರಿನ ಹಳೆಯ ಧಾನ್ಯದ ಮಂಡಿಯ ಮಹಡಿಯಲ್ಲಿ ನಗರಸಭೆ ಒಂದು ಮ್ಯೂಸಿಯಂ ಇಟ್ಟಿದೆ. ಅದನ್ನು ನೋಡಿಕೊಳ್ಳಲು ಪಟ್ಟಣದಿಂದ ಬಂದಾಕೆ. ಸಣ್ಣ ವಯಸ್ಸು, ಸೈಕಲ್ ಸವಾರಿ, ಮಾತು ಕಡಿಮೆ. ತೊಸ್ತಾಂ ಮನೆಗೆ ತಾವೇ ಬಂದು, ಇವು ನಾಳೆ ಯಾರದೋ ಕಿಟಕಿಯಲ್ಲಿ ಹೂಕುಂಡಗಳಾಗುವುದು ಬೇಡ, ನಮಗೆ ಕೊಡಿ ಎಂದು ಕೇಳಿದರು. ಲೆಯೊನೀದ್ ಕೊಟ್ಟ. ಕೊಟ್ಟು ಸುಮ್ಮನಿದ್ದನೇ? ದಿನಾ ಬೆಳಿಗ್ಗೆ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ದೀಪ ಸರಿಯಿಲ್ಲ, ಸಾಲು ಸೊಟ್ಟಗಿದೆ, ಧೂಳು ಎಂದು ಜಗಳ ತೆಗೆಯುತ್ತಿದ್ದ. ಇವನ ಜತೆ ದಿನಾ ಜಗಳವಾಡುವುದಕ್ಕಿಂತ ಒಂದು ಟೋಪಿ ಕೊಟ್ಟು ಕಾವಲಿಗೆ ಕೂರಿಸುವುದು ಮೇಲು ಎಂದು ನಗರಸಭೆಯವರು ತೀರ್ಮಾನಿಸಿದರು. ಹೀಗೆ ಲೆಯೊನೀದ್ ತನ್ನ ಮನೆಯ ಪಾತ್ರೆಗಳಿಗೆ ತಾನೇ ಕಾವಲುಗಾರನಾದ.

ಮ್ಯೂಸಿಯಮ್ಮಿನ ದೊಡ್ಡ ಕೋಣೆಯಲ್ಲಿ ಹಳೆಯ ವಿದ್ಯಾಲಯದಿಂದ ಬಂದ ವಿಜ್ಞಾನದ ಉಪಕರಣಗಳಿದ್ದವು. ತಿರುಗಿಸಿದರೆ ಕಿಡಿ ಹಾರಿಸುವ ಗಾಜಿನ ಚಕ್ರ, ಗಾಳಿ ಹೀರುವ ಯಂತ್ರ, ಹಿತ್ತಾಳೆಯ ದೂರದರ್ಶಕ, ಒಂದು ಮಳೆ ಎಂದರೆ ಇನ್ನೊಂದು ಬಿಸಿಲು ಎನ್ನುವ ಎರಡು ವಾಯುಮಾಪಕ. ಬಂದವರೆಲ್ಲ ನೇರ ಗಾಜಿನ ಚಕ್ರದ ಕಡೆಗೇ ಓಡುತ್ತಿದ್ದರು. ಲೆಯೊನೀದನಿಗೆ ಅದು ಸಹಿಸದು. ಆ ಚಕ್ರ ಸುಮ್ಮನೆ ತಿರುಗುವುದು ಬಿಟ್ಟು ಜೀವನದಲ್ಲಿ ಏನು ಮಾಡಿದೆ, ಇಲ್ಲಿ ಬನ್ನಿ, ಇವು ದುಡಿದ ಪಾತ್ರೆಗಳು ಎಂದು ತೋಳು ಹಿಡಿದು ಎಳೆತರುತ್ತಿದ್ದ. ಬಂದವರು ಅಂಚಿನ ಅಕ್ಷರಗಳನ್ನು ನೋಡಿ ತಲೆಯಾಡಿಸಿದರೆ ಅವನಿಗೆ ಆ ದಿನದ ಊಟ ರುಚಿಸುತ್ತಿತ್ತು. ಇಷ್ಟು ಸುಖ ಅವನಿಗೆ ಪಡಖಾನೆಯಲ್ಲೂ ಸಿಕ್ಕಿರಲಿಲ್ಲ. ಆಗಲೇ ಆ ಮದುವೆ ಬಂತು, ಆ ಹೆಬ್ಬೆರಳು ಬಂತು.

ಮಾತು ಡೇರೆಯಲ್ಲೇ ಸತ್ತಿದ್ದರೆ ಅವನೂ ನುಂಗಿಕೊಳ್ಳುತ್ತಿದ್ದನೋ ಏನೋ. ಅದು ಕಾಲು ಬಂದು ಊರಾಡಿತು. ಮಾಂಸದಂಗಡಿಯಲ್ಲಿ ಇವನು ನಿಂತಿರುವಾಗಲೇ ಒಬ್ಬಾಕೆ, ಹೆಬ್ಬೆರಳು ತೆಗೆದು ತೂಗಪ್ಪ ಎಂದು ಕಟುಕನಿಗೆ ಹೇಳಿದಳು. ಮ್ಯೂಸಿಯಮ್ಮಿಗೆ ಬಂದ ಊರಿನವರು ಲೀಟರಿನ ಮುಂದೆ ನಿಂತು ಪರಸ್ಪರ ಮೊಣಕೈ ತಿವಿದುಕೊಂಡರು. ಎಲ್ಲಕ್ಕಿಂತ ಚುಚ್ಚಿದ್ದು ಬೀಗರ ವಿಷಯ. ಹಬ್ಬಕ್ಕೆ ಬಂದ ಬೀಗ, ಒಳ್ಳೆಯ ಮನುಷ್ಯ, ಲೆಯೊನೀದ್ ಹೆಂಡ ಸುರಿದು ಕೊಟ್ಟಾಗ ಲೋಟದೊಳಗೆ ಒಮ್ಮೆ ಇಣುಕಿದ. ನೊಣ ಬಿದ್ದಿದೆಯೇ ಎಂದು ನೋಡಿದ್ದೂ ಇರಬಹುದು. ಲೆಯೊನೀದನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ನೇರ ಫುಲ್ಬೆರನ ಕೊಟ್ಟಿಗೆಗೆ ಹೋದ. ಫುಲ್ಬೆರ್ ಒಂದು ಹಸುವಿನ ಬಾಲ ತೊಳೆಯುತ್ತಿದ್ದ.

"ನನ್ನಜ್ಜನ್ನ ಕಳ್ಳ ಅಂದ್ಯಲ್ಲೋ," ಎಂದ ಲೆಯೊನೀದ್.

"ಕಳ್ಳ ಅಂತ ಯಾವಾಗ ಅಂದೆ? ಹೆಬ್ಬೆರಳು ಅಂದೆ."

"ಎರಡೂ ಒಂದೇ."

"ಒಂದೇ ಅಂತ ಈಗ ಅಂತಿರೋನು ನೀನು. ನಾನಲ್ಲಪ್ಪ," ಎಂದು ಫುಲ್ಬೆರ್ ಬಾಲ ಹಿಂಡಿದ. ನೀರು ಲೆಯೊನೀದನ ಷೂ ಮೇಲೆ ಬಿತ್ತು.

ಅಲ್ಲಿಂದ ಮುಂದಕ್ಕೆ ಇಬ್ಬರೂ ಒಟ್ಟಿಗೇ ಮಾತಾಡಿದ್ದರಿಂದ ಯಾರು ಏನೆಂದರು ಎಂಬುದು ಹಸುವಿಗೆ ಮಾತ್ರ ಗೊತ್ತು. ಕೊನೆಗೆ ತೀರ್ಮಾನವಾದದ್ದು ಇಷ್ಟು. ಲೀಟರನ್ನು ಊರೆದುರು ಅಳೆಯಬೇಕು. ಕಡಿಮೆ ಬಂದರೆ ಲೆಯೊನೀದ್ ಅಜ್ಜಿಯ ಏಪ್ರನ್ ಕಟ್ಟಿಕೊಂಡು ಸೋಮವಾರದ ಸಂತೆಯಲ್ಲಿ ಫುಲ್ಬೆರನ ಮೇಜಿಗೆ ಹೆಂಡ ಬಡಿಸಬೇಕು, ಪ್ರತಿಸಲ ಹೆಬ್ಬೆರಳೆತ್ತಿ ತೋರಿಸಬೇಕು. ಸರಿಯಾಗಿ ಬಂದರೆ ಫುಲ್ಬೆರ್ ತನ್ನ ಮಾತನ್ನು ಅದೇ ಬೀಗರ ಎದುರಿಗೆ, ಅಷ್ಟೇ ಗಟ್ಟಿ ದನಿಯಲ್ಲಿ ವಾಪಸು ನುಂಗಬೇಕು. ಇಬ್ಬರೂ ಅಂಗೈಗೆ ಅಂಗೈ ಬಡಿದರು. ದನದ ವ್ಯಾಪಾರದಲ್ಲಿ ಅಂಗೈ ಬಡಿದರೆ ಮುಗಿಯಿತು. ಅಲ್ಲಿಂದ ಹಿಂದೆ ಸರಿದವನ ಕೈಗೆ ಆಮೇಲೆ ಯಾರೂ ಹಗ್ಗ ಕೊಡುವುದಿಲ್ಲ.

ಮದಾಂ ಕೆನೆಲ್ ಮೊದಲು ಒಪ್ಪಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಹೋದ ವಸ್ತು ಇನ್ನು ಅಡುಗೆಮನೆಯದಲ್ಲ, ಅದರೊಳಗೆ ಹೆಂಡ ಸುರಿಯುವ ಮಾತೇ ಇಲ್ಲ ಎಂದರು. ಲೆಯೊನೀದ್ ಟೋಪಿ ತೆಗೆದು ಮೇಜಿನ ಮೇಲೆ ಕುಕ್ಕಿ ರಾಜೀನಾಮೆ ಕೊಟ್ಟ. ಸಂಜೆ ಬಂದು ಟೋಪಿ ಹಾಕಿಕೊಂಡ. ಮರುದಿನ ಮತ್ತೆ ಕುಕ್ಕಿದ. ಆ ವಾರ ಟೋಪಿ ಅವನ ತಲೆಯ ಮೇಲಿದ್ದುದಕ್ಕಿಂತ ಮೇಜಿನ ಮೇಲಿದ್ದುದೇ ಹೆಚ್ಚು. ಮದಾಂ ಒಂದು ದಿನ ಆ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ದಾರಿ ಹೇಳಿದರು. ದೊಡ್ಡ ಕೋಣೆಯಲ್ಲಿ ವಿದ್ಯಾಲಯದ ಹಿತ್ತಾಳೆ ತಕ್ಕಡಿಯೊಂದಿತ್ತು, ಆಳೆತ್ತರದ್ದು. ರಿಪೇರಿಗೆ ಹೋಗಿದ್ದು ಆಗಷ್ಟೇ ವಾಪಸು ಬಂದಿತ್ತು. ಬೇಸಗೆಯ ಮೊದಲ ಭಾನುವಾರ ಮ್ಯೂಸಿಯಂ ಎಲ್ಲರಿಗೂ ಬಾಗಿಲು ತೆರೆಯುವ ದಿನ, ಆ ತಕ್ಕಡಿ ಕೆಲಸ ಮಾಡುವುದನ್ನು ಜನಕ್ಕೆ ತೋರಿಸಬೇಕೆಂಬುದು ಅವರ ಆಸೆ. ಅವತ್ತು ಲೀಟರನ್ನು ತಾವೇ ತೂಗಿ ನೋಡುತ್ತೇವೆ ಎಂದರು.

"ಆದರೆ ಹೆಂಡ ಅಲ್ಲ, ನೀರು. ಔಷಧಿ ಅಂಗಡಿಯ ಶುದ್ಧ ನೀರು. ಇನ್ನೊಂದು ಮಾತು, ಮಸಿಯೆ ತೊಸ್ತಾಂ. ಎಷ್ಟು ಬರುತ್ತೋ ಅಷ್ಟನ್ನೇ ಚೀಟಿಯಲ್ಲಿ ಬರೆದು ಪಾತ್ರೆ ಮುಂದೆ ಇಡ್ತೀನಿ. ಹೆಚ್ಚಾದ್ರೂ ಸರಿ, ಕಡಿಮೆಯಾದ್ರೂ ಸರಿ. ನೀವು ಹೋದ ಮೇಲೂ ಅದು ಇಲ್ಲೇ ಇರುತ್ತೆ. ಒಪ್ಪಿಗೆನಾ?"

ಒಪ್ಪಿಗೆ ಎಂದ ಲೆಯೊನೀದ್, ಗಟ್ಟಿಯಾಗಿಯೇ. ಮೆಟ್ಟಿಲಿಳಿಯುವಾಗ ಮಾತ್ರ, ಒಪ್ಪಬಾರದಿತ್ತೇನೋ ಅನ್ನಿಸಿತು.

ಏಕೆಂದರೆ ಅವನು ಯಾರಿಗೂ ಹೇಳದ ಒಂದು ವಿಷಯವಿತ್ತು. ಚಿಕ್ಕಂದಿನಲ್ಲಿ ಪ್ರತಿವರ್ಷ, ಮುದ್ರೆ ಸಾಹೇಬ ಬರುವ ಸುದ್ದಿ ಸಿಕ್ಕ ಕೂಡಲೇ, ಎಫ್ರಾಸಿ ಅಜ್ಜಿ ಲೀಟರನ್ನು ಒಳಗೆ ಒಯ್ದು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗಿನಿಂದ ಟಕ್ ಟಕ್ ಎಂದು ಮೆಲ್ಲಗೆ ಬಡಿಯುವ ಸದ್ದು. ಒಮ್ಮೆ ಅವನು ಬಾಗಿಲು ತಳ್ಳಿ ನೋಡಿದ. ಅಜ್ಜಿಯ ಕೈಯಲ್ಲಿ ಸೇಬಿನ ಮರದ ಉದ್ದ ಹಿಡಿಯ ಕೊಡತಿ, ತೊಡೆಯ ಮೇಲೆ ಲೀಟರು. ಹೊರಗೆ ಹೋಗು ಎಂದು ಅಜ್ಜಿ ಕೂಗಿದ ದನಿ ಅವನಿಗೆ ಇವತ್ತಿಗೂ ಕಿವಿಯಲ್ಲಿದೆ. ಬಚ್ಚಿಟ್ಟು ಮಾಡುವ ಕೆಲಸ ಒಳ್ಳೆಯದಿರಲು ಸಾಧ್ಯವೇ? ತಳವನ್ನು ಒಳಕ್ಕೆ ತಟ್ಟಿದರೆ ಲೀಟರು ಸಣ್ಣದಾಗುತ್ತದೆ, ನೋಡುವವರ ಕಣ್ಣಿಗೆ ಕಾಣುವುದೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಫುಲ್ಬೆರ್ ಹೆಬ್ಬೆರಳು ಎಂದ ಕೂಡಲೇ ಲೆಯೊನೀದನಿಗೆ ಅಷ್ಟು ಉರಿದದ್ದು ಅದಕ್ಕೇ.

ಒಂದು ಮಧ್ಯಾಹ್ನ ಮದಾಂ ಊಟಕ್ಕೆ ಹೋದಾಗ ಅವನು ಗಾಜಿನ ಪೆಟ್ಟಿಗೆಯ ಬೀಗ ತೆಗೆದ. ಕೋಟಿನ ಜೇಬಿನಲ್ಲಿ ನೀರು ತುಂಬಿದ ಲೀಟರು ಬಾಟಲಿ ಇತ್ತು. ಸುರಿದು ನೋಡಿದರೆ ಮುಗಿಯಿತು, ಕಡಿಮೆ ಬಂದರೆ ಮಂಡಿನೋವೆಂದು ಮಲಗಿಬಿಡಬಹುದು. ಪಾತ್ರೆಯನ್ನು ಎತ್ತಿದ. ತವರ ಬೇಗ ಕೈಯ ಬಿಸಿ ಹಿಡಿಯುತ್ತದೆ. ಅಂಚಿನ ಅಕ್ಷರಗಳ ಮೇಲೆ ಬೆರಳಾಡಿಸಿದ. ಆಮೇಲೆ ಪಾತ್ರೆಯನ್ನು ಇದ್ದಲ್ಲೇ ಇಟ್ಟು, ಬೀಗ ಹಾಕಿ, ಕಿಟಕಿಯ ಬಳಿ ನಿಂತು ಬಾಟಲಿಯ ನೀರನ್ನೆಲ್ಲ ತಾನೇ ಕುಡಿದುಬಿಟ್ಟ.

ಕೊನೆಗೆ ಬ್ಲಾಂದಿನಳ ಹತ್ತಿರ ಬಾಯಿಬಿಟ್ಟ. ಅವಳು ಬೀನ್ಸ್ ಬಿಡಿಸುತ್ತಿದ್ದಳು. ಕೊಡತಿಯ ಕಥೆಯನ್ನೆಲ್ಲ ಕೇಳಿ, ಹಾಗಿದ್ದರೆ ಸುಮ್ಮನೆ ಫುಲ್ಬೆರನನ್ನು ಊಟಕ್ಕೆ ಕರೆದು ಜಗಳ ಮುಗಿಸಬಾರದೇ ಎಂದಳು.

"ಅಂಗೈ ಬಡಿದಾಗಿದೆ," ಎಂದ ಲೆಯೊನೀದ್.

"ಹಾಗಾದ್ರೆ ಏಪ್ರನ್ ಇಸ್ತ್ರಿ ಮಾಡಿಡ್ತೀನಿ," ಎಂದಳು ಬ್ಲಾಂದಿನ್. "ಹೋಗೋದೇ ಆದ್ರೆ ನೆಟ್ಟಗೆ ಕಾಣ್ಬೇಕು."

ಅವನು ಬೀನ್ಸಿನ ಬುಟ್ಟಿಯನ್ನು ಒದ್ದು ಹೊರಗೆ ಹೋದ. ಐದು ನಿಮಿಷಕ್ಕೆ ಬಂದು, ಬಗ್ಗಿ ಎಲ್ಲ ಹೆಕ್ಕಿ ಬುಟ್ಟಿಗೆ ತುಂಬಿದ. ಇದು ಅವರ ಮನೆಯಲ್ಲಿ ಕ್ಷಮೆ ಕೇಳುವ ರೀತಿ.

ಆ ಭಾನುವಾರ ಧಾನ್ಯದ ಮಂಡಿಯ ಮಹಡಿ ಮೆಟ್ಟಿಲಿನಲ್ಲೂ ಜನ. ಗಾಜಿನ ಚಕ್ರದ ಹತ್ತಿರ ಅವತ್ತು ಒಂದು ನರಪಿಳ್ಳೆಯೂ ಇರಲಿಲ್ಲ. ಬೀಗರು ಹೊಸ ಕಾರಿನಲ್ಲಿ ಬಂದಿದ್ದರು. ಫುಲ್ಬೆರ್ ಸಂತೆಗೆ ಹೋಗುವಾಗಿನ ನೀಲಿ ಅಂಗಿ ಹಾಕಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಬಂದವರಿಗೆಲ್ಲ ತನ್ನ ಹೆಬ್ಬೆರಳು ಎತ್ತಿ ತೋರಿಸಿ ನಮಸ್ಕಾರ ಹೇಳುತ್ತಿದ್ದ. ಲೆಯೊನೀದ್ ಟೋಪಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಅವತ್ತು ಅವನು ಯಾರನ್ನೂ ಬಯ್ಯದೆ ಇದ್ದುದನ್ನು ನೋಡಿ ಮೈಯಲ್ಲಿ ಹುಷಾರಿಲ್ಲವೇ ಎಂದು ಇಬ್ಬರು ವಿಚಾರಿಸಿದರು.

ಮದಾಂ ಕೆನೆಲ್ ಬಿಳಿ ಕೈಗವಸು ಹಾಕಿಕೊಂಡು ಬಂದರು. ಖಾಲಿ ಲೀಟರನ್ನು ತಕ್ಕಡಿಯ ಎಡತಟ್ಟೆಯಲ್ಲಿಟ್ಟರು. ಬಲತಟ್ಟೆಗೆ ಸೀಸದ ಕಾಳುಗಳನ್ನು ಸುರಿಯುತ್ತ ಹೋಗಿ ಮುಳ್ಳು ನೆಟ್ಟಗೆ ನಿಂತಾಗ ನಿಲ್ಲಿಸಿದರು. ಈಗ ಪಾತ್ರೆಯ ಸ್ವಂತ ತೂಕ ಕಳೆದುಹೋಯಿತು ಎಂದರು. ಆಮೇಲೆ ಮಖಮಲ್ಲಿನ ಡಬ್ಬಿಯಿಂದ ಹಿತ್ತಾಳೆಯ ಕಿಲೋ ಬಟ್ಟನ್ನು ತೆಗೆದು ಬಲಕ್ಕೆ ಇಟ್ಟರು. ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ, ಅದಕ್ಕೇ ಈ ಬಟ್ಟು. ಬಲತಟ್ಟೆ ಕೆಳಗೆ ಹೋಯಿತು, ಲೀಟರು ಮೇಲೆದ್ದಿತು. ಪಾತ್ರೆಗೆ ನೀರು ಸುರಿಯತೊಡಗಿದರು. ಸಾವಕಾಶವಾಗಿ, ಮಗುವಿಗೆ ಹಾಲು ಕುಡಿಸುವ ಹಾಗೆ.

ನೀರು ಬೀಳುವ ಸದ್ದು ಮೊದಲು ತೆಳ್ಳಗಿದ್ದದ್ದು ಬರುಬರುತ್ತ ದಪ್ಪಗಾಯಿತು. ಲೀಟರಿನ ತಟ್ಟೆ ಇಳಿಯುತ್ತ ಬಂತು. ಮುಳ್ಳು ನಡುಗಿತು, ಓಲಾಡಿತು, ನಡುಗೆರೆಯ ಮೇಲೆ ನಿಂತಿತು. ಮದಾಂ ಕೈ ಎತ್ತಿಬಿಟ್ಟರು.

ಫುಲ್ಬೆರ್ ಬಗ್ಗಿ ಪಾತ್ರೆಯೊಳಗೆ ಇಣುಕಿದ. ಅವನ ಮುಖ ಅರಳಿತು.

"ತುಂಬಿಲ್ಲ ಕಣ್ರಪ್ಪಾ, ಬಂದು ನೋಡಿ. ಅಂಚಿಗೆ ಇನ್ನೂ ಅರ್ಧ ಬೆರಳು ಇದೆ. ಕಡಿಮೆ ಬಂತು."

ಗುಂಪಿನಲ್ಲಿ ಗುಜುಗುಜು ಎದ್ದಿತು. ಲೆಯೊನೀದನಿಗೆ ಆ ಕೊಡತಿಯ ಸದ್ದು ಕಿವಿ ತುಂಬ ಕೇಳಿತು. ಹಾಗಾದರೆ ಅಜ್ಜಿ ಮೋಸ ಮಾಡಿದ್ದು ಹೌದು. ಹಾಗಾದರೆ ಆ ಎಲ್ಲ ಸಂತೆಗಳಲ್ಲಿ, ಆ ಎಲ್ಲ ಮದುವೆ ನಾಮಕರಣಗಳಲ್ಲಿ. ಅವನು ಕಾವಲಿನ ಕುರ್ಚಿಯ ಮೇಲೆ ಕೂತುಬಿಟ್ಟ. ಬೀಗ ಎಲ್ಲಿದ್ದಾನೆಂದು ನೋಡಲು ಕೂಡ ಧೈರ್ಯವಾಗಲಿಲ್ಲ.

"ಮಸಿಯೆ ಲೆಕಾನ್ಯು," ಎಂದರು ಮದಾಂ ಕೆನೆಲ್, "ನೀವು ಹಸು ಕೊಳ್ಳೋವಾಗ ಬಾಯಿ ತೆರೆದು ನೋಡ್ತೀರಿ, ಸರಿ. ಇಲ್ಲಿ ಬಾಯಿ ನೋಡಿದ್ದು ಸಾಕು, ಮುಳ್ಳು ನೋಡಿ. ಒಂದು ಲೀಟರು ನೀರು ಪೂರ್ತಿ ಒಳಗಿದೆ. ಇನ್ನೂ ಜಾಗ ಉಳಿದಿದೆ."

ಫುಲ್ಬೆರ್ ಮುಳ್ಳು ನೋಡಿದ. ಪಾತ್ರೆ ನೋಡಿದ. ಮತ್ತೆ ಮುಳ್ಳು ನೋಡಿದ. ಹಿಂದುಗಡೆಯಿಂದ ಮೊದಲು ನಕ್ಕವಳು ಬ್ಲಾಂದಿನ್. ಆಮೇಲೆ ಅರ್ಥವಾದವರೆಲ್ಲ ನಕ್ಕರು, ಅರ್ಥವಾಗದವರು ಪಕ್ಕದವರನ್ನು ಕೇಳಿ ನಕ್ಕರು. ಮದಾಂ ಅಂಚಿನವರೆಗೆ ಸುರಿದು ತುಂಬಿದರು. ಮುಳ್ಳು ಲೀಟರಿನ ಕಡೆಗೆ ವಾಲಿತು. ಹೆಚ್ಚಾದ ನೀರನ್ನು ಪಿಚಕಾರಿಯಿಂದ ಹೀರಿ ಒಂದು ಲೋಟಕ್ಕೆ ಬಿಟ್ಟು ಮೇಲೆತ್ತಿ ತೋರಿಸಿದರು. ಸಾರಾಯಿ ಕುಡಿಯುವ ಪುಟ್ಟ ಲೋಟ. ಅದು ತುಂಬಿತ್ತು.

ಲೆಯೊನೀದ್ ಕುರ್ಚಿಯಿಂದ ಎದ್ದಿದ್ದ. ಖುಷಿಪಡಬೇಕೆಂದು ಗೊತ್ತು, ಆದರೆ ಹೇಗೆ ಎಂಬುದು ತಿಳಿಯದು. ಹಾಗಾದರೆ ಅಜ್ಜಿ ಬಾಗಿಲು ಹಾಕಿಕೊಂಡು ಬಡಿಯುತ್ತಿದ್ದುದೇನು ಎಂದು ಎಲ್ಲರೆದುರೇ ಕೇಳಿಬಿಟ್ಟ. ಮದಾಂ ನೀರು ಚೆಲ್ಲಿ ಪಾತ್ರೆ ಒರೆಸಿ, ಟಾರ್ಚ್ ಬಿಟ್ಟು ಒಳಗೆ ನೋಡಿದರು. ತಳದಲ್ಲೂ ಒಳಗೋಡೆಯಲ್ಲೂ ಸಣ್ಣಸಣ್ಣ ಕುಣಿಗಳು, ಹೊರಮುಖವಾಗಿ ಉಬ್ಬಿಸಿದವು.

"ಆ ಕುಣಿಗಳಾ?" ಎಂದಳು ಬ್ಲಾಂದಿನ್. "ನನ್ನ ಬೆರಳಿಗೆ ಮೂವತ್ತು ವರ್ಷದಿಂದ ಗೊತ್ತು. ಕೊಳೆ ಅಲ್ಲೇ ಕೂರ್ತಿತ್ತು ದರಿದ್ರದ್ದು."

"ಮತ್ತೆ ಹೇಳೋಕೇನಾಗಿತ್ತು ನಿಂಗೆ?"

"ನೀನ್ಯಾವತ್ತು ತೊಳೆದೆ, ಕೇಳೋಕೆ?"

ಆಗ ಸಂಗತಿ ಬಿಚ್ಚಿಕೊಂಡಿತು. ಗಿರಾಕಿಗಳು ಲೀಟರನ್ನು ಕಟ್ಟೆಗೆ ಕುಟ್ಟಿ ಕುಟ್ಟಿ ತಗ್ಗು ಬೀಳಿಸುತ್ತಿದ್ದರು. ತಗ್ಗು ಬಿದ್ದರೆ ಅಳತೆ ಕುಗ್ಗುತ್ತದೆ, ಕುಗ್ಗಿದರೆ ಮುದ್ರೆ ಸಾಹೇಬ ಪಾತ್ರೆ ಜಜ್ಜುತ್ತಾನೆ, ಹೆಸರು ಬರೆದುಕೊಳ್ಳುತ್ತಾನೆ. ಆ ಭಯಕ್ಕೆ ಎಫ್ರಾಸಿ ಅಜ್ಜಿ ಉದ್ದ ಹಿಡಿಯ ಕೊಡತಿಯನ್ನು ಒಳಗೆ ಬಿಟ್ಟು ತಗ್ಗನ್ನು ಹೊರಕ್ಕೆ ತಟ್ಟುತ್ತಿದ್ದಳು. ತಟ್ಟುವಾಗ, ಸಾಲದೆ ಬಂದೀತು ಎಂದು ಇನ್ನೊಂದೆರಡು ಏಟು ಹೆಚ್ಚಿಗೆ. ಮರುವರ್ಷ ಮತ್ತೆರಡು. ಸಾಹೇಬನಿಗೆ ಬೇಕಾದದ್ದು ಅಳತೆ ಕಡಿಮೆಯಾಗದಿರುವುದು. ಹೆಚ್ಚಾದರೆ ಅದು ಪಡಖಾನೆಯವರ ಹಣೆಬರಹವೆಂದು ಅವನು ಅಕ್ಷರ ಹೊಡೆದು ಗಾಡಿ ಹತ್ತುತ್ತಿದ್ದ. ಹೀಗೆ ಒಬ್ಬ ಹೆಂಗಸಿನ ಭಯದಿಂದ ಒಂದು ಲೀಟರು ವರ್ಷ ವರ್ಷ ದಪ್ಪಗಾಗುತ್ತ ಹೋಯಿತು. ಊರು ಅದರಲ್ಲಿ ಕುಡಿದು, ಬಾಯೊರೆಸಿಕೊಂಡು, ಹೆಬ್ಬೆರಳಿನ ಕಥೆ ಕಟ್ಟಿತು. ಊರು ಅಂದರೆ ಹೀಗೇ.

ಲೆಯೊನೀದ್ ಪಾತ್ರೆಯನ್ನೇ ನೋಡುತ್ತ ನಿಂತ. ಬಾಗಿಲು ಹಾಕಿಕೊಂಡು ಕೂತ ಆ ಮುದುಕಿಯ ಬೆನ್ನು ಅವನ ಕಣ್ಣ ಮುಂದೆ ಬಂತು. ಅರವತ್ತು ದಾಟಿದ ಗಂಡಸು ಊರೆದುರು ಅಳಬಾರದು. ಅವನು ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡ. ಬೀಗ ಹತ್ತಿರ ಬಂದು ಅವನ ಕೈ ಹಿಡಿದು ಕುಲುಕಿದ. ಬಿಡಲೇ ಇಲ್ಲ.

ಫುಲ್ಬೆರನಿಗೆ ಈಗ ತಪ್ಪಿಸಿಕೊಳ್ಳುವಂತಿರಲಿಲ್ಲ. ಅಂಗೈ ಬಡಿದಿದ್ದ. ಗಂಟಲು ಸರಿಮಾಡಿಕೊಂಡು, ಡೇರೆಯಲ್ಲಿ ಆಡಿದಷ್ಟೇ ಗಟ್ಟಿಯಾಗಿ ಹೇಳಿದ:

"ಬೀಗರೇ, ಊರವರೇ. ತೊಸ್ತಾಂ ಮನೆಯವರ ಬಗ್ಗೆ ನಾನಂದಿದ್ದು ತಪ್ಪು. ಮಾತು ವಾಪಸ್ ತಗೋತಿದೀನಿ. ಅವರು ಮೋಸಗಾರರಲ್ಲ." ಅಷ್ಟಕ್ಕೇ ನಿಲ್ಲಿಸುವ ಜಾತಿ ಅಲ್ಲವಲ್ಲ ಅದು. "ಮೂರು ತಲೆಮಾರಿನ ದಡ್ಡರು."

ಮಹಡಿ ನಡುಗಿತು. ವಾಯುಮಾಪಕಗಳೆರಡೂ ಒಂದೇ ಕಡೆ ವಾಲಿದವೆಂದು ಆಮೇಲೆ ಯಾರೋ ಹೇಳಿದರು. ಲೆಯೊನೀದ್ ಮುಷ್ಟಿ ಬಿಗಿದು ಮುಂದೆ ಹೋದ. ಫುಲ್ಬೆರನ ಅಂಗಿಯ ಕಾಲರ್ ಹಿಡಿದ. ಹಿಡಿದ ಮೇಲೆ ಅವನಿಗೇ ತಡೆಯಲಾಗಲಿಲ್ಲ. ಹೊಟ್ಟೆಯ ಆಳದಿಂದ ನಗು ಒದ್ದುಕೊಂಡು ಬಂತು. ಕಾಲರ್ ಬಿಡದೆಯೇ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಫುಲ್ಬೆರನ ಹಲ್ಲಿಲ್ಲದ ಬಾಯಿಯೂ ತೆರೆದುಕೊಂಡಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡದ್ದು ಜಗಳಕ್ಕೋ ಬೀಳದಿರಲಿಕ್ಕೋ ಎಂದು ನೋಡಿದವರಿಗೆ ತಿಳಿಯಲಿಲ್ಲ.

ಮದಾಂ ಆ ಸಂಜೆಯೇ ಚೀಟಿ ಬರೆದರು: ತೊಸ್ತಾಂ ಪಡಖಾನೆಯ ಲೀಟರು, ತವರ, ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ. ಕೆಳಗೆ ಹೆಚ್ಚು ಕುಡಿದವರ ಹೆಸರುಗಳನ್ನೂ ಬರೆಯಿರಿ ಎಂದು ಲೆಯೊನೀದ್ ಹಟ ಹಿಡಿದ. ಅವರು ಬರೆಯಲಿಲ್ಲ. ಅವನು ಟೋಪಿ ಕುಕ್ಕಿದ. ಮರುದಿನ ಹಾಕಿಕೊಂಡ. ಈಗ ಬಂದವರನ್ನು ಎಳೆದು ತರುವ ಕಷ್ಟವೇ ಇಲ್ಲ. ಮೆಟ್ಟಿಲು ಹತ್ತುತ್ತಲೇ, ದಪ್ಪ ಲೀಟರು ಎಲ್ಲಿದೆ ಎಂದು ಕೇಳುತ್ತಾರೆ. ಗಾಜಿನ ಚಕ್ರದ ಮೇಲೆ ಅವನಿಗೆ ಕನಿಕರ ಮೂಡಿದೆ. ಸಮಯವಿದ್ದಾಗ ಅದರ ಧೂಳೂ ಒರೆಸುತ್ತಾನೆ.

ಉಳಿದದ್ದು ಒಂದು ಬಾಕಿ. ಆ ಭಾನುವಾರ ನಗು ನಿಂತ ಮೇಲೆ ಲೆಯೊನೀದ್ ಅಲ್ಲೇ ಫುಲ್ಬೆರನನ್ನು ಕೇಳಿದ್ದ.

"ನಿಮ್ಮಜ್ಜ, ನಿಮ್ಮಪ್ಪ, ನೀನು. ಲೀಟರಿಗೊಂದು ಲೋಟದ ಹಾಗೆ ನಮ್ಮ ಹೆಂಡ ನಿಮ್ಮ ಹೊಟ್ಟೇಲಿದೆ. ಅದು ನಂಗೆ ವಾಪಸ್ ಬರಬೇಕು."

ಫುಲ್ಬೆರ್ ಹಿಂದೆಮುಂದೆ ನೋಡದೆ ಅಂಗೈ ಒಡ್ಡಿದ. ಬಡಿದರು. ಆ ಶರತ್ಕಾಲ ಹೊಸ ಹೆಂಡ ಇಳಿದ ಕೂಡಲೇ ಒಂದು ಪೀಪಾಯಿಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ತೊಸ್ತಾಂ ಮನೆಯ ಗೇಟಿನಲ್ಲಿ ನಿಂತ. ಆದರೆ ಸುಮ್ಮನೆ ಇಳಿಸಲೊಲ್ಲ. ಯಾವ ಪಾತ್ರೆಯಲ್ಲಿ ಹೆಚ್ಚು ಕುಡಿದೆವೋ ಅದೇ ಪಾತ್ರೆಯಲ್ಲಿ ಅಳೆದು ತೀರಿಸುತ್ತೇನೆ, ಬೇರೆ ಅಳತೆಯನ್ನು ತಾನು ನಂಬುವುದಿಲ್ಲ, ತೊಸ್ತಾಂ ಮನೆಯದೊಂದನ್ನೇ ನಂಬುವುದು ಎಂದ. ಮಾತು ನ್ಯಾಯವಾಗಿತ್ತು. ಇಬ್ಬರೂ ಒಳ್ಳೆಯ ಅಂಗಿ ಹಾಕಿಕೊಂಡು ಮದಾಂ ಕೆನೆಲ್ ಹತ್ತಿರ ಹೋಗಿ, ಲೀಟರನ್ನು ಅರ್ಧ ದಿನಕ್ಕೆ ಕೊಡಿ ಎಂದು ಕೈಮುಗಿದು ಕೇಳಿಕೊಂಡರು. ಮ್ಯೂಸಿಯಮ್ಮಿನ ಪಾತ್ರೆಗೆ ಹೆಂಡ ಮುಟ್ಟಿಸುವುದಿಲ್ಲ ಎಂದರು ಅವರು. ನಕ್ಕುಕೊಂಡೇ ಅಂದರು, ಆದರೆ ಅಂದದ್ದು ಅಂದದ್ದೇ.

ಪೀಪಾಯಿಯನ್ನು ವಾಪಸು ಒಯ್ಯುವುದು ಮರ್ಯಾದೆಯಲ್ಲವೆಂದು ಇಬ್ಬರೂ ಕೂತು, ಗಾಜಿನ ಲೋಟದಲ್ಲಿ, ಚಳಿಗಾಲ ಮುಗಿಯುವುದರೊಳಗೆ ಖಾಲಿ ಮಾಡಿದರು. ಅಳೆಯದೆ ಕುಡಿದದ್ದು ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನು ಇಬ್ಬರೂ ಒಪ್ಪಿದ್ದಾರೆ. ಮರುವರ್ಷ ಇನ್ನೊಂದು ಪೀಪಾಯಿ ಬಂತು, ಮದಾಂ ಇನ್ನೊಮ್ಮೆ ಆಗುವುದಿಲ್ಲ ಎಂದರು. ಅದರ ಮರುವರ್ಷವೂ ಹಾಗೇ. ಬಾಕಿಯಲ್ಲಿ ಒಂದು ಹನಿಯೂ ಇನ್ನೂ ತೀರಿಲ್ಲ.